ಮೈದಾನಕ್ಕೆ ಬೀಗ, ಕೋರ್ಟಿಗೆ ಬುಕಿಂಗ್

ನವೆಂಬರ್ ಕೊನೆಯ ವಾರ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಸಂಜೆ 5.50ರ ಆಸುಪಾಸಿಗೆ. ಜುಲೈ ಮೊದಲ ವಾರ 6.50ರವರೆಗೂ ಬೆಳಕಿರಬೇಕು, ಆದರೆ ಆಗ ಮೋಡದ ಕಾಟ. ಶಾಲೆಯ ಹಳದಿ ಬಸ್ಸು ಹೊರವರ್ತುಲ ರಸ್ತೆಯಲ್ಲಿ ತೆವಳಿ ಮಗುವನ್ನು ಮನೆ ಹತ್ತಿರ ಇಳಿಸುವಾಗ ನಾಲ್ಕೂವರೆಯೋ ಐದೋ ಆಗಿರುತ್ತದೆ. ಸಮವಸ್ತ್ರ ಕಳಚಿ, ಹಾಲು ಕುಡಿದು, ಶೂ ಹಾಕಿಕೊಳ್ಳುವ ಹೊತ್ತಿಗೆ ಚಳಿಗಾಲದಲ್ಲಿ ಉಳಿಯುವ ಬೆಳಕು ಹೆಚ್ಚೆಂದರೆ ಮುಕ್ಕಾಲು ಗಂಟೆ. ವಾರದಲ್ಲಿ ಎರಡು ಮೂರು ದಿನ ಅದನ್ನೂ ಟ್ಯೂಷನ್ನು, ಅಬಾಕಸ್ಸು, ಕೀಬೋರ್ಡ್ ಕ್ಲಾಸು ನುಂಗಿಹಾಕುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈಬೆವರುವಂತೆ ಓಡಾಡಬೇಕು ಎನ್ನುತ್ತದೆ. ಮುಕ್ಕಾಲು ಗಂಟೆಯ ಬೆಳಕಿನಲ್ಲಿ ಒಂದು ಗಂಟೆಯ ಆಟವನ್ನು ಹೇಗೆ ಕೂರಿಸುವುದು? ಶಾಲೆಯೊಳಗೇ ಆ ಗಂಟೆ ಸಿಕ್ಕರೆ ಸರಿ, ಇಲ್ಲದಿದ್ದರೆ ವಾರಾಂತ್ಯವೇ ಗತಿ. ಇದು ತೂಕ ಮತ್ತು ಹೃದಯದ ಮಾತಷ್ಟೇ ಅಲ್ಲ, ಕಣ್ಣಿನ ಮಾತೂ ಹೌದು. ಬಯಲ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ಕಡಿಮೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದ ಮೇಲೆ, ತೈವಾನ್ 2010ರಿಂದ ಶಾಲಾಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗಿರಿಸುವ ಕಾರ್ಯಕ್ರಮವನ್ನೇ ಹಮ್ಮಿಕೊಂಡಿತು. ನಮ್ಮಲ್ಲಿ ಎರಡನೇ ತರಗತಿಗೇ ಕನ್ನಡಕ ಬಂದರೆ ಎಲ್ಲರೂ ಬೈಯುವುದು ಮೊಬೈಲನ್ನು. ಸಂಜೆಯ ಬೆಳಕು ಎಲ್ಲಿ ಹೋಯಿತು ಎಂದು ಕೇಳುವವರು ಕಡಿಮೆ.

ಹಾಗೆಂದು ಬೆಂಗಳೂರಿನಲ್ಲಿ ಮಕ್ಕಳ ಕ್ರೀಡೆ ಸೊರಗಿದೆ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಪ್ರಕಾಶ್ ಪಡುಕೋಣೆ ಮತ್ತು ವಿಮಲ್ ಕುಮಾರ್ 1994ರಲ್ಲಿ ಆರಂಭಿಸಿದ ಬ್ಯಾಡ್ಮಿಂಟನ್ ಅಕಾಡೆಮಿ ಇಂದು ಯಲಹಂಕದಾಚೆಯ ವಿಶಾಲ ಕ್ರೀಡಾಸಂಕೀರ್ಣದಲ್ಲಿದೆ. ಉತ್ತರಾಖಂಡದ ಅಲ್ಮೋರಾದಿಂದ ಬಾಲಕನಾಗಿ ಬಂದ ಲಕ್ಷ್ಯ ಸೇನ್ ಪಳಗಿದ್ದು ಈ ಅಕಾಡೆಮಿಯಲ್ಲೇ. ಈಜಿನಲ್ಲಿ ಬಸವನಗುಡಿ ಅಕ್ವಾಟಿಕ್ ಸೆಂಟರ್ ಮತ್ತು ಡಾಲ್ಫಿನ್ ಅಕ್ವಾಟಿಕ್ಸ್ ದೇಶಕ್ಕೇ ಹೆಸರಾದ ಎರಡು ಕೊಳಗಳು. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ನಿಶಾ ಮಿಲೆಟ್‌ರಿಂದ ಹಿಡಿದು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದ ಅತಿ ಕಿರಿಯ ಸದಸ್ಯೆಯಾಗಿದ್ದ ಹದಿನಾಲ್ಕರ ಧಿನಿಧಿ ದೇಸಿಂಗುವರೆಗೆ ಒಂದು ಸಾಲೇ ಇದೆ. ಸ್ಕೇಟಿಂಗ್, ಟೆನಿಸ್, ಕರಾಟೆ, ಜಿಮ್ನ್ಯಾಸ್ಟಿಕ್ಸ್, ಗೋಡೆ ಹತ್ತುವ ಆಟ, ಫ್ರಿಸ್ಬಿ – ಯಾವುದನ್ನು ಬಯಸಿದರೂ ಕಲಿಸುವವರು ಐದಾರು ಕಿಲೋಮೀಟರ್ ಒಳಗೆ ಸಿಗುತ್ತಾರೆ. ಖಾಲಿ ನಿವೇಶನಗಳ ಮೇಲೆ ಹಸಿರು ಟರ್ಫ್ ಹಾಸಿ, ಸುತ್ತ ಬಲೆ ಕಟ್ಟಿ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ವ್ಯವಹಾರ ಹತ್ತು ವರ್ಷಗಳಲ್ಲಿ ಊರೆಲ್ಲ ಹಬ್ಬಿದೆ. ಆ ಬಾಡಿಗೆಯನ್ನು ಫೋನಿನಲ್ಲೇ ಗೊತ್ತುಮಾಡಿಕೊಳ್ಳುವ ‘ಪ್ಲೇಯೊ’ದಂಥ ಆ್ಯಪ್ ಹುಟ್ಟಿದ್ದೂ ಈ ಊರಲ್ಲೇ.

ಕಡಿಮೆಯಾಗಿರುವುದು ಬೇರೆ. ಯಾರೂ ಕಲಿಸದ, ಯಾರೂ ಶುಲ್ಕ ಕಟ್ಟದ, ಯಾವ ಮಗು ಬೇಕಾದರೂ ನಡೆದುಹೋಗಿ ಸೇರಿಕೊಳ್ಳಬಹುದಾದ ಆಟ. ಈ ಎರಡೂ ಒಂದೇ ಅವಧಿಯಲ್ಲಿ ನಡೆದಿವೆ. ಒಂದು ಏರಿದ್ದನ್ನು ನೋಡಿ ಇನ್ನೊಂದು ಇಳಿದಿದ್ದು ನಮ್ಮ ಗಮನಕ್ಕೇ ಬಂದಿಲ್ಲ.

ಮೊದಲು ಸೌಲಭ್ಯಗಳೇನೂ ಸಮೃದ್ಧವಾಗಿರಲಿಲ್ಲ. ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಮಂಟಪದಲ್ಲಿ. ಮುಹೂರ್ತ ಇದ್ದ ದಿನ ಅಲ್ಲಿ ಆಟ ಇರುತ್ತಿರಲಿಲ್ಲ. ಆ ಹಾಲಿನಿಂದ ಹೊರಟವರು 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದರು. ಅನಿಲ್ ಕುಂಬ್ಳೆ ಬಸವನಗುಡಿಯ ಕಡೆ ಬೀದಿ ಕ್ರಿಕೆಟ್ ಆಡಿಕೊಂಡಿದ್ದು, ಯಂಗ್ ಕ್ರಿಕೆಟರ್ಸ್ ಎಂಬ ಕ್ಲಬ್ ಸೇರಿದ್ದು ಹದಿಮೂರರ ವಯಸ್ಸಿನಲ್ಲಿ. ಇಂದಿನ ಅಕಾಡೆಮಿ ಲೆಕ್ಕದಲ್ಲಿ ಹದಿಮೂರು ಎಂದರೆ ಬಹಳ ತಡ. ಆರಕ್ಕೇ ಪ್ಯಾಡ್ ಕಟ್ಟಿಸುವವರಿದ್ದಾರೆ. ದಂಡು ಪ್ರದೇಶದ ಕಥೆ ಫುಟ್‌ಬಾಲಿನದು. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಹುಡುಗರು ಬರಿಗಾಲಿನಲ್ಲಿ ಆಡಿ ಬೆಳೆದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಹಲಸೂರಿನ ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆಯಿದೆ, ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆಯಲ್ಲಿ. ವಿಶ್ವಕಪ್ ಬಂದರೆ ಅಲ್ಲಿನ ಓಣಿಗಳು ಹಳದಿ ಬಣ್ಣಕ್ಕೆ ತಿರುಗುತ್ತವೆ.

ಮಕ್ಕಳಿಗೆಂದೇ ಜಾಗ ಬೇಕು ಎಂಬ ವಿಚಾರವೂ ಈ ಊರಿಗೆ ಹೊಸತಲ್ಲ. ‘ಸರಸ್ವತಿ’ ಪತ್ರಿಕೆ ನಡೆಸುತ್ತಿದ್ದ ಆರ್. ಕಲ್ಯಾಣಮ್ಮ 1930ರ ದಶಕದ ಕೊನೆಗೆ ಚಾಮರಾಜಪೇಟೆಯಲ್ಲಿ ‘ಮಕ್ಕಳ ಕೂಟ’ ಕಟ್ಟಿದರು. ಆಟ, ಹಾಡು, ನಾಟಕ, ಓದು ಎಲ್ಲ ಒಂದೇ ಅಂಗಳದಲ್ಲಿ. ಕಬ್ಬನ್ ಪಾರ್ಕಿನ ಜವಾಹರ ಬಾಲಭವನ, ಅಲ್ಲಿನ ಪುಟಾಣಿ ರೈಲು ಆಮೇಲಿನವು. ಅದೇ ರೀತಿಯ ಅಂಗಳ ಹೊಸ ಬಡಾವಣೆಗಳಲ್ಲಿ ಎಷ್ಟಿವೆ ಎಂದು ಹುಡುಕಲು ಹೊರಟರೆ ಮಾತು ನೆಲದ ಲೆಕ್ಕಕ್ಕೆ ಬಂದು ನಿಲ್ಲುತ್ತದೆ.

ಕಾನೂನು ದುರ್ಬಲವಾಗಿಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯ ಪ್ರಕಾರ ಯಾವುದೇ ಬಡಾವಣೆಯ ಕನಿಷ್ಠ ಶೇ 15ರಷ್ಟು ಜಾಗ ಉದ್ಯಾನ ಮತ್ತು ಆಟದ ಮೈದಾನಕ್ಕೆ, ಮತ್ತೆ ಶೇ 10ರಷ್ಟು ನಾಗರಿಕ ಸೌಲಭ್ಯಕ್ಕೆ ಮೀಸಲು. ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳನ್ನು ಉಳಿಸಲೆಂದೇ 1985ರ ರಾಜ್ಯ ಕಾಯ್ದೆಯಿದೆ. ಇದಕ್ಕಿಂತ ದೊಡ್ಡ ಬಲ ಕೊಟ್ಟದ್ದು ಸದಾಶಿವನಗರದ ನಿವಾಸಿಗಳು ಹೂಡಿದ ಒಂದು ದಾವೆ. ಅಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಮುಖ್ಯಮಂತ್ರಿಯ ಸೂಚನೆಯ ಮೇರೆಗೆ ಖಾಸಗಿ ಆಸ್ಪತ್ರೆಗೆ ಹಂಚಲಾಗಿತ್ತು. ಅಕ್ಕಪಕ್ಕದ ಜನ ಹೈಕೋರ್ಟಿಗೆ ಹೋಗಿ ಗೆದ್ದರು, ಎದುರು ಪಕ್ಷದವರು ಮೇಲ್ಮನವಿ ಹಾಕಿದರು. 1991ರಲ್ಲಿ ಸುಪ್ರೀಂ ಕೋರ್ಟು ಹಂಚಿಕೆ ರದ್ದಾದದ್ದೇ ಸರಿ ಎಂದಿತು. ಬಡಾವಣೆಯ ತೆರೆದ ಜಾಗ ಅಲ್ಲಿ ವಾಸಿಸುವ ಎಲ್ಲರ ಹಿತಕ್ಕೆ ಸೇರಿದ್ದು, ಅದಕ್ಕಾಗಿ ನ್ಯಾಯಾಲಯದ ಮೊರೆ ಹೋಗುವ ಹಕ್ಕು ಅವರಿಗಿದೆ ಎಂದು ಒಪ್ಪಿಕೊಂಡಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಎಂಬ ಈ ಪ್ರಕರಣ ಇಂದಿಗೂ ದೇಶದ ಎಲ್ಲ ಊರುಗಳ ಉದ್ಯಾನ ಮೊಕದ್ದಮೆಗಳಲ್ಲಿ ಉಲ್ಲೇಖವಾಗುತ್ತದೆ.

ಆದರೆ ಈ ಶೇ 15ರ ಭಾಗ್ಯ ಇರುವುದು ನಕ್ಷೆ ಮಂಜೂರಾದ ಬಡಾವಣೆಗಳಿಗೆ. ಜಯನಗರ, ರಾಜಾಜಿನಗರ, ಎಚ್‌ಎಸ್‌ಆರ್ ಬಡಾವಣೆಯ ಮಗುವಿಗೆ ನಡೆಯುವಷ್ಟು ದೂರದಲ್ಲಿ ಪಾರ್ಕು ಸಿಗುತ್ತದೆ. ಜಯನಗರದವರಿಗೆ ಶಾಲಿನಿ ಮೈದಾನವೂ ಇದೆ, ಕಿತ್ತೂರು ರಾಣಿ ಚೆನ್ನಮ್ಮ ಕ್ರೀಡಾಂಗಣವೂ ಇದೆ. ಊರಿನ ಅಂಚಿನಲ್ಲಿ ಹೊಲವನ್ನು 20X30, 30X40 ಅಳತೆಗೆ ಕತ್ತರಿಸಿ ಮಾರಿದ ರೆವಿನ್ಯೂ ಬಡಾವಣೆಗಳಲ್ಲಿ ಮೋರಿಗೇ ಜಾಗ ಬಿಟ್ಟಿಲ್ಲ, ಮೈದಾನ ಎಲ್ಲಿಂದ ಬರಬೇಕು? ಅಲ್ಲಿನ ಮಕ್ಕಳ ಮೈದಾನ ಎಂದರೆ ಇನ್ನೂ ಮನೆ ಏಳದ ಖಾಲಿ ಸೈಟು. ಮಾಲೀಕ ಪಾಯ ತೋಡಿಸಿದ ದಿನ ತಂಡ ಪಕ್ಕದ ಸೈಟಿಗೆ ಗುಳೆ ಹೋಗುತ್ತದೆ. 2011ರ ಜನಗಣತಿಯಲ್ಲೇ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ ದಾಟಿತ್ತು. ಆಮೇಲೆ ಊರು ಬೆಳೆದದ್ದು ಬಹುಪಾಲು ಇಂಥ ಅಂಚುಗಳಲ್ಲೇ.

ಪಾರ್ಕು ಇರುವ ಕಡೆಯೂ ಅದು ಮಕ್ಕಳದ್ದಾಗಿರುವುದಿಲ್ಲ. ಬೆಂಗಳೂರಿನ ಸಾಮಾನ್ಯ ಪಾರ್ಕು ರೂಪುಗೊಂಡಿರುವುದು ನಡಿಗೆದಾರರಿಗಾಗಿ: ಸುತ್ತ ಟೈಲ್ಸ್ ಹಾಕಿದ ಪಥ, ನಡುವೆ ಕಾಲಿಡಬಾರದ ಹುಲ್ಲು, ಒಂದು ಮೂಲೆಯಲ್ಲಿ ಜಾರುಬಂಡೆ, ಜೋಕಾಲಿ, ಇನ್ನೊಂದು ಮೂಲೆಯಲ್ಲಿ ದೊಡ್ಡವರ ವ್ಯಾಯಾಮ ಯಂತ್ರ. ಜಾರುಬಂಡೆಗೆ ಎಂಟು ವರ್ಷದವರೆಗೆ ಗಿರಾಕಿಗಳು. ಒಂಬತ್ತರಿಂದ ಹದಿನಾರರವರಿಗೆ ಅಲ್ಲಿ ಏನೂ ಇಲ್ಲ. ಅವರು ಚೆಂಡು ತಂದರೆ ಕಾವಲುಗಾರನ ಶಿಳ್ಳೆ. ‘ಇಲ್ಲಿ ಕ್ರಿಕೆಟ್, ಫುಟ್‌ಬಾಲ್ ಆಡುವುದನ್ನು ನಿಷೇಧಿಸಿದೆ’ ಎಂಬ ಫಲಕ ಇಲ್ಲದ ಪಾರ್ಕು ಅಪರೂಪ. ಹಿರಿಯ ನಾಗರಿಕರ ಆಕ್ಷೇಪದಲ್ಲೂ ಹುರುಳಿದೆ, ಚೆಂಡು ತಗುಲಿ ಬಿದ್ದರೆ ಎಪ್ಪತ್ತರ ಮೂಳೆ ಕೂಡುವುದು ಸುಲಭವಲ್ಲ. ಆದರೆ ಇಬ್ಬರಿಗೂ ಜಾಗ ಹಂಚಿಕೊಡುವ ಬದಲು ಒಬ್ಬರನ್ನು ಹೊರಗಿಟ್ಟು ಸಮಸ್ಯೆ ಮುಗಿಸುವುದು ಆಡಳಿತಕ್ಕೆ ರೂಢಿಯಾಗಿದೆ. ಇನ್ನು ಸಮಯ. ವರ್ಷಗಟ್ಟಲೆ ಪಾಲಿಕೆಯ ಪಾರ್ಕುಗಳು ಬೆಳಿಗ್ಗೆ ಹತ್ತಕ್ಕೆ ಮುಚ್ಚಿ ಇಳಿಹೊತ್ತಿನವರೆಗೆ ಬೀಗ ಹಾಕಿಕೊಂಡಿರುತ್ತಿದ್ದವು. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಬೇಕಾದ ಹೊತ್ತೇ ಅದು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ತೀರ್ಮಾನವಾಯಿತು. ಖರ್ಚಿಲ್ಲದೆ ಮಾಡಿದ ದೊಡ್ಡ ಸುಧಾರಣೆ ಅದು.

ನಿರ್ವಹಣೆಯ ಮಾತು ಬಂದರೆ ಮನಸ್ಸು ಕಹಿಯಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಮಲ್ಲೇಶ್ವರದಲ್ಲಿ ಆಡಲು ಹೋದ ಬಾಲಕನ ಮೇಲೆ ಪಾಲಿಕೆಯ ಆಟದ ಜಾಗದ ಕಬ್ಬಿಣದ ಗೇಟು ಕುಸಿದು ಆತ ತೀರಿಕೊಂಡ. ಖಾಸಗಿ ಜಾಗವೆಂದ ಮಾತ್ರಕ್ಕೆ ಸುರಕ್ಷಿತ ಎನ್ನುವಂತೆಯೂ ಇಲ್ಲ. 2023ರ ಕೊನೆಯಲ್ಲಿ ವರ್ತೂರು ಬಳಿಯ ಅಪಾರ್ಟ್‌ಮೆಂಟ್ ಒಂದರ ಈಜುಕೊಳದ ಬಳಿ ಒಂಬತ್ತು ವರ್ಷದ ಹುಡುಗಿ ವಿದ್ಯುತ್ ಆಘಾತಕ್ಕೆ ಬಲಿಯಾದಳು.

ಬೀದಿಯ ಆಟ ಮುಗಿದದ್ದಕ್ಕೆ ಕಾರಣ ಹುಡುಕಲು ಸಮಾಜಶಾಸ್ತ್ರ ಬೇಕಿಲ್ಲ. ನಗರದಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಅಡ್ಡರಸ್ತೆಯ ಎರಡೂ ಬದಿ ಕಾರು ನಿಂತರೆ ನಡುವೆ ಉಳಿಯುವುದು ಒಂದು ಆಟೊ ಹೋಗುವಷ್ಟು ದಾರಿ. ಅಲ್ಲಿ ವಿಕೆಟ್ ನೆಡುವುದು ಹೇಗೆ, ಲಗೋರಿಯ ಬಿಲ್ಲೆ ಪೇರಿಸುವುದು ಎಲ್ಲಿ? ಚೆಂಡು ಬಡಿದು ಕಾರಿನ ಗಾಜು ಬಿರಿದರೆ ಜಗಳ ಪೊಲೀಸ್ ಠಾಣೆಯವರೆಗೂ ಹೋಗಬಹುದು. ಇದರ ಮೇಲೆ ಬೀದಿನಾಯಿಗಳ ಭಯ, ತೆರೆದ ಚರಂಡಿಗಳ ಭಯ, ಅಪರಿಚಿತರ ಭಯ.

ಹೀಗಾಗಿ ಮಧ್ಯಮ ವರ್ಗದ ಆಟ ಅಪಾರ್ಟ್‌ಮೆಂಟ್ ಗೇಟಿನೊಳಗೆ ಸೇರಿತು. ಇದನ್ನು ಹಳಿಯುವುದು ಸುಲಭ, ಆದರೆ ಸಂಜೆ ಆರಕ್ಕೆ ವೈಟ್‌ಫೀಲ್ಡ್ ಅಥವಾ ಸರ್ಜಾಪುರ ರಸ್ತೆಯ ದೊಡ್ಡ ಸಂಕೀರ್ಣವೊಂದಕ್ಕೆ ಹೋಗಿ ನೋಡಬೇಕು. ಐದು ಭಾಷೆಯ ಮಕ್ಕಳು ಕಲಸುಮೇಲೋಗರದ ಮಾತಿನಲ್ಲಿ ಜಗಳವಾಡುತ್ತ, ನಿಯಮ ತಿದ್ದುತ್ತ, ಕತ್ತಲಾದರೂ ಸೈಕಲ್ ತುಳಿಯುತ್ತಿರುತ್ತಾರೆ. ಹಳೆಯ ಬೀದಿಯ ಆಟ ಹೇಗಿತ್ತೋ ಬಹುಮಟ್ಟಿಗೆ ಹಾಗೆಯೇ. ಅಲ್ಲೂ ನಿವಾಸಿಗಳ ಸಂಘದ ಸುತ್ತೋಲೆ ಬರುತ್ತದೆ: ಲಾನ್ ಮೇಲೆ ಚೆಂಡು ಕೂಡದು, ಪೋಡಿಯಂನಲ್ಲಿ ಸ್ಕೇಟಿಂಗ್ ಕೂಡದು, ಮಧ್ಯಾಹ್ನ ಎರಡರಿಂದ ನಾಲ್ಕು ಗಲಾಟೆ ಕೂಡದು. ಅದಕ್ಕಿಂತ ದೊಡ್ಡ ಕೊರತೆ ಎಂದರೆ ಆ ಗೇಟು. ಅದೇ ಸಂಕೀರ್ಣದಲ್ಲಿ ಮನೆಗೆಲಸ ಮಾಡುವ ತಾಯಿಯ ಮಗು, ಎದುರಿನ ಕಟ್ಟಡ ಕೆಲಸದ ಶೆಡ್ಡಿನ ಮಗು ಹೊರಗೇ ನಿಂತಿರುತ್ತದೆ. ಮೊದಲಿನ ಬೀದಿಯಲ್ಲಿ ಜಾತಿಯಿತ್ತು, ವರ್ಗವಿತ್ತು, ಎಲ್ಲವೂ ಇತ್ತು. ಆದರೂ ಹನ್ನೊಂದು ಜನಕ್ಕೆ ಕಡಿಮೆ ಬಿದ್ದಾಗ ಗಿರಣಿಯವರ ಮಗನನ್ನೂ ಕರೆಯಲೇಬೇಕಾಗುತ್ತಿತ್ತು.

ಶಾಲೆ ಈ ಅಂತರವನ್ನು ತುಂಬಬಹುದಾದ ಏಕೈಕ ದೊಡ್ಡ ವ್ಯವಸ್ಥೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಇರಲೇಬೇಕಾದ ವಸ್ತುಗಳ ಪಟ್ಟಿಯಿದೆ: ತರಗತಿ ಕೋಣೆ, ಶೌಚಾಲಯ, ಕುಡಿಯುವ ನೀರು, ಅದೇ ಸಾಲಿನಲ್ಲಿ ಆಟದ ಮೈದಾನ. ಹಾಗಿದ್ದೂ ನಾಲ್ಕು ಅಂತಸ್ತಿನ ಮನೆಯನ್ನೇ ಶಾಲೆ ಮಾಡಿ, ತಾರಸಿಯ ಮೇಲೆ ಶೀಟು ಹೊದಿಸಿ ‘ಇನ್‌ಡೋರ್ ಪ್ಲೇ ಏರಿಯಾ’ ಎನ್ನುವವರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಇನ್ನು ಕೆಲವು ಶಾಲೆಗಳು ಹತ್ತಿರದ ಸಾರ್ವಜನಿಕ ಪಾರ್ಕಿಗೇ ಮಕ್ಕಳನ್ನು ಸಾಲುಗಟ್ಟಿಸಿ ಒಯ್ಯುತ್ತವೆ. ಹಳೆಯ ಮಿಷನರಿ ಶಾಲೆಗಳು, ನ್ಯಾಷನಲ್ ಕಾಲೇಜು, ಎಪಿಎಸ್‌ನಂಥ ಸಂಸ್ಥೆಗಳ ಬಳಿ ನಿಜವಾದ ಮೈದಾನಗಳಿವೆ. ರಾಜ್ಯ ಕ್ರಿಕೆಟ್ ಸಂಸ್ಥೆಯ ಬಿಟಿಆರ್ ಶೀಲ್ಡ್‌ನಂಥ ಶಾಲಾ ಟೂರ್ನಿಗಳಲ್ಲಿ ಇಂಥ ಹಳೆಯ ಶಾಲೆಗಳ ಹೆಸರು ಮತ್ತೆ ಮತ್ತೆ ಕೇಳಿಬರುವುದರ ಹಿಂದೆ ಈ ನೆಲದ ಆಸ್ತಿಯ ಪಾಲೂ ಇದೆ.

ಮೈದಾನ ಇದ್ದರೂ ಆಡಿಸುವವರು ಬೇಕು. ಸರ್ಕಾರಿ ಶಾಲೆಗಳ ದೈಹಿಕ ಶಿಕ್ಷಣ ಶಿಕ್ಷಕರು ತಮ್ಮನ್ನು ಉಳಿದ ಶಿಕ್ಷಕರ ಸಮಕ್ಕೆ ಕಾಣಬೇಕೆಂದು, ಆ ಕುರಿತ ಪ್ರೊ. ಎಲ್.ಆರ್. ವೈದ್ಯನಾಥನ್ ವರದಿ ಜಾರಿಗೆ ಬರಬೇಕೆಂದು ಕೇಳುತ್ತಲೇ ಬಂದಿದ್ದಾರೆ. ಒಬ್ಬರೇ ಶಿಕ್ಷಕರು ಬೆಳಗಿನ ಪ್ರಾರ್ಥನೆಗೆ ಸಾಲು ನಿಲ್ಲಿಸಿ, ಬಿಸಿಯೂಟದ ಶಿಸ್ತು ನೋಡಿ, ಗೈರಾದವರ ತರಗತಿ ಕಾಯ್ದು, ಉಳಿದ ಸಮಯದಲ್ಲಿ ವಲಯ ಮಟ್ಟದ ಕ್ರೀಡಾಕೂಟಕ್ಕೆ ತಂಡ ಕಟ್ಟಬೇಕು. ಖಾಸಗಿ ಶಾಲೆಗಳ ರೋಗ ಬೇರೆ. ಅಲ್ಲಿ ಪಿ.ಟಿ. ಪೀರಿಯಡ್ಡು ವೇಳಾಪಟ್ಟಿಯಲ್ಲಿ ಇರುತ್ತದೆ, ಪರೀಕ್ಷೆ ಹತ್ತಿರ ಬಂದರೆ ಗಣಿತದವರ ಪಾಲಾಗುತ್ತದೆ. ಸಿಬಿಎಸ್‌ಇ 2018ರಲ್ಲಿ ಒಂಬತ್ತರಿಂದ ಹನ್ನೆರಡನೇ ತರಗತಿಗೆ ದಿನಕ್ಕೊಂದು ಆರೋಗ್ಯ ಮತ್ತು ದೈಹಿಕ ಶಿಕ್ಷಣದ ಅವಧಿ ಕಡ್ಡಾಯ ಮಾಡಿತು. ಹತ್ತನೇ ತರಗತಿಯ ಮಗುವನ್ನು ಕೇಳಿದರೆ ಆ ಅವಧಿಯಲ್ಲಿ ಏನು ನಡೆಯುತ್ತದೆ ಎಂಬುದು ತಿಳಿಯುತ್ತದೆ. ಶಾಲೆಗಳ ಆಟದ ಹೊಣೆಯನ್ನೇ ಗುತ್ತಿಗೆ ಹಿಡಿಯುವ ಕಂಪನಿಗಳೂ ಬಂದಿವೆ. ಬೆಂಗಳೂರಿನಲ್ಲೇ 2003ರಲ್ಲಿ ಶುರುವಾದ ಸ್ಪೋರ್ಟ್ಜ್ ವಿಲೇಜ್ ಅಂಥ ಮೊದಲಿಗರಲ್ಲೊಂದು. ಆಯ್ಕೆಯಾದ ಹದಿನೈದು ಮಕ್ಕಳ ತಂಡಕ್ಕಷ್ಟೇ ಅಲ್ಲದೆ ತರಗತಿಯ ನಲವತ್ತೂ ಮಕ್ಕಳಿಗೆ ಆಟ ಸಿಗಬೇಕು ಎಂಬ ಅವರ ತತ್ವ ಸರಿಯಾದದ್ದು. ಬೆಲೆ ಕಟ್ಟಬಲ್ಲ ಶಾಲೆಗಳಿಗೆ ಅದು ದಕ್ಕುತ್ತದೆ.

ಶಾಲೆ ಕೈಬಿಟ್ಟದ್ದನ್ನು ಅಪ್ಪ ಅಮ್ಮ ಕೊಂಡುಕೊಳ್ಳುತ್ತಾರೆ. ಅಕಾಡೆಮಿಯ ಶುಲ್ಕ ತಿಂಗಳಿಗೆ ಸಾವಿರಗಳ ಲೆಕ್ಕದಲ್ಲಿ. ಅದರ ಮೇಲೆ ಶೂ, ರ‍್ಯಾಕೆಟ್, ಪ್ರವೇಶ ಶುಲ್ಕ, ಹೊರಊರಿನ ಟೂರ್ನಿಗೆ ರೈಲು, ಹೋಟೆಲು. ಬ್ಯಾಡ್ಮಿಂಟನ್ ಆಡುವ ಮನೆಯಲ್ಲಿ ಈಗ ಗರಿಯ ಶಟಲ್ ಡಬ್ಬಿಯ ಬೆಲೆಯದೇ ಮಾತು. ಬಾತುಕೋಳಿ ಮತ್ತು ಹೆಬ್ಬಾತಿನ ಗರಿಯ ಪೂರೈಕೆ ಬಹುತೇಕ ಚೀನಾದ ಕೈಯಲ್ಲಿದ್ದು, ಇತ್ತೀಚಿನ ವರ್ಷಗಳಲ್ಲಿ ಬೆಲೆ ಬಹಳವೇ ಏರಿದೆ. ಬೆಳಿಗ್ಗೆ ಐದಕ್ಕೆ ಎದ್ದು ಮಗುವನ್ನು ಕೊಳಕ್ಕೆ ಬಿಡುವ ತಂದೆ, ಭಾನುವಾರವಿಡೀ ಕುರ್ಚಿ ಹಾಕಿಕೊಂಡು ಅಂಕ ಎಣಿಸುವ ತಾಯಿ ಇವರನ್ನು ಹುಚ್ಚರೆಂದು ಕರೆಯುವುದು ಅನ್ಯಾಯ. ಅವರಲ್ಲಿ ಹಲವರಿಗೆ ಪದಕದ ಭ್ರಮೆಯೇನೂ ಇಲ್ಲ. ಕೆಲವರ ಕಣ್ಣು ವೃತ್ತಿಶಿಕ್ಷಣದ ಕ್ರೀಡಾ ಕೋಟಾದ ಸೀಟಿನ ಮೇಲೆ. ಮಿಕ್ಕವರಿಗೆ ಮಗು ಫೋನು ಕೆಳಗಿಟ್ಟರೆ ಸಾಕು.

ತೊಂದರೆ ಆರಂಭವಾಗುವುದು ಏಳೆಂಟು ವರ್ಷಕ್ಕೇ ಒಂದೇ ಆಟಕ್ಕೆ ಕಟ್ಟಿಹಾಕಿದಾಗ. ಕ್ರೀಡಾವೈದ್ಯರು ಒಂದು ಸುಲಭದ ಅಳತೆ ಕೊಡುತ್ತಾರೆ: ಒಂದು ಆಟದ ತರಬೇತಿ ವಾರಕ್ಕೆ ಮಗುವಿನ ವಯಸ್ಸಿನಷ್ಟು ಗಂಟೆ ಮೀರಬಾರದು, ವಾರಕ್ಕೊಂದೆರಡು ದಿನ ಪೂರ್ತಿ ಬಿಡುವಿರಬೇಕು. ದಿನಕ್ಕೆ ಎರಡು ಹೊತ್ತು, ವಾರಕ್ಕೆ ಆರು ದಿನದ ‘ಅಡ್ವಾನ್ಸ್ ಬ್ಯಾಚ್’ ಸೇರಿದ ಒಂಬತ್ತು ವರ್ಷದ ಹುಡುಗ ಈ ಗೆರೆಯನ್ನು ಗುರುವಾರಕ್ಕೇ ದಾಟಿರುತ್ತಾನೆ. ಹಿಮ್ಮಡಿ, ಮಂಡಿ, ಭುಜ, ಬೌಲರುಗಳಿಗೆ ಬೆನ್ನಿನ ಕೆಳಭಾಗ – ಬೆಳೆಯುವ ಮೂಳೆ ದಣಿಯುವ ಜಾಗಗಳು ಇವು. ಕಿರಿಯರ ವಿಭಾಗದಲ್ಲಿ ಗೆಲ್ಲುವ ಒತ್ತಡ ಎಷ್ಟಿದೆಯೆಂದರೆ ವಯಸ್ಸಿನ ದಾಖಲೆ ತಿದ್ದುವುದನ್ನು ಹಿಡಿಯಲು ಬಿಸಿಸಿಐ 16ರೊಳಗಿನವರಿಗೆ ಮೂಳೆಯ ಎಕ್ಸ್-ರೇ ಪರೀಕ್ಷೆ ನಡೆಸಬೇಕಾಗಿದೆ.

ಕಲಿಸುವವರು ಯಾರು ಎಂಬ ಪ್ರಶ್ನೆ ಇನ್ನೂ ಗಂಭೀರ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಪಡೆದವರೂ, ನಿನ್ನೆ ಮೊನ್ನೆ ಜಿಲ್ಲಾ ತಂಡದಲ್ಲಿದ್ದವರೂ, ಆಡಿಯೇ ಗೊತ್ತಿಲ್ಲದವರೂ ಒಂದೇ ಬಣ್ಣದ ಟೀ ಶರ್ಟಿನಲ್ಲಿ ‘ಕೋಚ್ ಸರ್’ ಆಗಿರುತ್ತಾರೆ. ತರಬೇತುದಾರರ ಮೇಲೆ ಪೋಕ್ಸೊ ಪ್ರಕರಣಗಳು ಈ ನಗರದಲ್ಲೂ ದಾಖಲಾಗಿವೆ. ಮಗುವನ್ನು ಸೇರಿಸುವ ಮುನ್ನ ಹೆಚ್ಚಿನವರು ಕೇಳುವುದು ಶುಲ್ಕ ಮತ್ತು ಬ್ಯಾಚಿನ ಸಮಯ. ಅರ್ಹತೆಯ ಪತ್ರ, ಹೆಣ್ಣುಮಕ್ಕಳಿಗೆ ಮಹಿಳಾ ಸಿಬ್ಬಂದಿ, ಬಟ್ಟೆ ಬದಲಿಸುವ ಕೋಣೆ, ಪ್ರಥಮ ಚಿಕಿತ್ಸೆ ಇವನ್ನು ಕೇಳಿದವರನ್ನು ಅಕಾಡೆಮಿಯವರು ವಿಚಿತ್ರವಾಗಿ ನೋಡುವ ಪರಿಸ್ಥಿತಿ ಬದಲಾಗಬೇಕಿದೆ.

ಹುಡುಗಿಯರ ವಿಷಯದಲ್ಲಿ ಒಂದು ಒಳ್ಳೆಯ ಬೆಳವಣಿಗೆಯನ್ನು ದಾಖಲಿಸಬೇಕು. ಕಡೂರಿನಿಂದ ಬಾಲಕಿಯಾಗಿ ಬಂದ ವೇದಾ ಕೃಷ್ಣಮೂರ್ತಿ ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್‌ನಲ್ಲಿ ಆಟ ಕಲಿತಾಗ ಬ್ಯಾಟು ಹಿಡಿದ ಹುಡುಗಿ ಎಲ್ಲರಿಗೂ ಕುತೂಹಲದ ವಸ್ತು. 2024ರ ಮಾರ್ಚಿನಲ್ಲಿ ಶ್ರೇಯಾಂಕಾ ಪಾಟೀಲರಿದ್ದ ಆರ್‌ಸಿಬಿ ಮಹಿಳಾ ತಂಡ ಲೀಗ್ ಗೆದ್ದ ರಾತ್ರಿ ಊರಿನ ಬೀದಿಗಳಲ್ಲಿ ಗಂಡಸರೇ ಕುಣಿದರು. ನೆಟ್ಸ್‌ನಲ್ಲಿ ಈಗ ಹುಡುಗಿಯರು ಅಪರೂಪವಲ್ಲ. ಆದರೆ ಇದು ಶುಲ್ಕ ಕಟ್ಟಿದ ನೆಟ್ಸಿನ ಮಾತು. ಸಂಜೆ ತೆರೆದ ಮೈದಾನಗಳನ್ನು ನೋಡಿದರೆ ಹತ್ತು ವರ್ಷ ದಾಟಿದ ಹುಡುಗಿಯರು ಅಂಚಿನ ಕಲ್ಲುಬೆಂಚಿನಲ್ಲಿ ತಮ್ಮನನ್ನು ಕಾಯುತ್ತ ಕೂತಿರುತ್ತಾರೆ. ಹನ್ನೆರಡರ ಆಸುಪಾಸಿಗೆ ಆಟ ಬಿಡುವುದಕ್ಕೆ ಕಾರಣ ಬಹಳ ಸಲ ಒಂದು ಶೌಚಾಲಯ, ಒಂದು ಬೀದಿದೀಪ. ಮೈದಾನಕ್ಕೆ ಕೋಟಿಗಟ್ಟಲೆ ಸುರಿದು ಗ್ಯಾಲರಿ ಕಟ್ಟುವಾಗ ಇವೆರಡೂ ನಕ್ಷೆಯಿಂದ ತಪ್ಪಿಹೋಗುವುದು ಹೇಗೆಂದು ಅರ್ಥವಾಗುವುದಿಲ್ಲ.

ಅಂಗವೈಕಲ್ಯವಿರುವ ಮಕ್ಕಳ ಬಗ್ಗೆ ನಗರಕ್ಕೆ ದಾರಿ ತೋರಿಸಿದವರು ಪೋಷಕರೇ. ‘ಕಿಲಿಕಿಲಿ’ ಎಂಬ ಪೋಷಕರ ಬಳಗ ಪಾಲಿಕೆಯ ಜೊತೆ ಕುಳಿತು ಫ್ರೇಜರ್ ಟೌನಿನ ಕೋಲ್ಸ್ ಪಾರ್ಕ್, ಬಸವನಗುಡಿಯ ಎಂ.ಎನ್. ಕೃಷ್ಣರಾವ್ ಪಾರ್ಕ್ ಮುಂತಾದ ಕಡೆ ಎಲ್ಲ ಮಕ್ಕಳೂ ಒಟ್ಟಿಗೆ ಆಡಬಹುದಾದ ಜಾಗ ರೂಪಿಸಿತು. ಗಾಲಿಕುರ್ಚಿ ಏರುವ ಇಳಿಜಾರು, ಬೆನ್ನಿಗೆ ಆಸರೆಯಿರುವ ಜೋಕಾಲಿ, ನಿಂತೇ ಮರಳಲ್ಲಿ ಆಡುವ ತೊಟ್ಟಿ. ವಿಶೇಷ ಪಾರ್ಕು ಬೇಡ, ಇರುವ ಪಾರ್ಕಿಗೇ ನಮ್ಮ ಮಕ್ಕಳೂ ಬರುವಂತಾಗಲಿ ಎಂಬುದು ಅವರ ನಿಲು​ವು. ಬಡ ಮಕ್ಕಳ ಜೊತೆ 1999ರಿಂದ ಕೆಲಸ ಮಾಡುತ್ತಿರುವ ‘ಡ್ರೀಮ್ ಎ ಡ್ರೀಮ್’ ಸಂಸ್ಥೆ ಫುಟ್‌ಬಾಲನ್ನು ಬದುಕಿನ ಕೌಶಲ ಕಲಿಸುವ ದಾರಿಯಾಗಿ ಬಳಸುತ್ತದೆ. ಇಂಥ ಉದಾಹರಣೆಗಳು ಬೆರಳೆಣಿಕೆಯಷ್ಟು, ಆದರೆ ಮಾದರಿಗೆ ಪರದೇಶಕ್ಕೆ ಹೋಗಬೇಕಿಲ್ಲ ಎನ್ನಲು ಸಾಕು.

ಬೇಸಿಗೆ ಬಂದರೆ ಊರು ಶಿಬಿರಗಳಿಂದ ತುಂಬುತ್ತದೆ. ಕಂಠೀರವದಲ್ಲಿ ಅಥ್ಲೆಟಿಕ್ಸ್, ಸದಾಶಿವನಗರದ ಕೆ.ಸಿ. ರೆಡ್ಡಿ ಕೊಳದಲ್ಲಿ ಈಜು, ವಿಜಯನಗರದ ಬಿಂಬ ಹಾಗೂ ಜೆ.ಪಿ. ನಗರದ ರಂಗಶಂಕರದಲ್ಲಿ ಮಕ್ಕಳ ರಂಗಭೂಮಿ. ನಾಟಕದ ಶಿಬಿರವನ್ನು ಆಟದ ಲೇಖನದಲ್ಲಿ ಸೇರಿಸುವುದು ಕೆಲವರಿಗೆ ಹೊಂದಲಿಕ್ಕಿಲ್ಲ. ಆದರೆ ಓಟದಲ್ಲಿ ಹಿಂದೆ ಬೀಳುವ, ತಂಡ ಆರಿಸುವಾಗ ಕೊನೆಯಲ್ಲಿ ಉಳಿಯುವ ಮಗು ಮೈಮುರಿದು ಆಡುವುದು ಇಲ್ಲೇ. ಮೈಸೂರಿನ ರಂಗಾಯಣದ ಚಿಣ್ಣರ ಮೇಳಕ್ಕೆ ಅರ್ಜಿ ಹಿಡಿದು ಸಾಲುಗಟ್ಟುವ ಪೋಷಕರು ಇದನ್ನು ಬಲ್ಲರು.

ಜನಪದ ಆಟಗಳ ಮಾತೂ ಇಂಥ ಶಿಬಿರಗಳಲ್ಲಿ ಏಳುತ್ತದೆ: ಒಂದು ದಿನ ಕುಂಟೆಬಿಲ್ಲೆ, ಒಂದು ದಿನ ಚೌಕಾಬಾರ, ಫೋಟೊ, ಅಲ್ಲಿಗೆ ಮುಗಿಯಿತು. ಪ್ರದರ್ಶನಕ್ಕಿಟ್ಟ ಆಟ ಉಳಿಯುವುದು ಕಷ್ಟ. ಟೂರ್ನಿ, ತಂಡ, ಎದುರಾಳಿ ಇದ್ದರೆ ಉಳಿಯುತ್ತದೆ. ಖೊ ಖೊ ಅದಕ್ಕೆ ಸಾಕ್ಷಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಹಳ್ಳಿಯ ಬಿ. ಚೈತ್ರಾ ಇದ್ದರು. ಒಂದು ಬಯಲು, ಎರಡು ಕಂಬ ಇದ್ದರೆ ನಡೆಯುವ ಈ ಆಟ ಬೆಂಗಳೂರಿನ ದುಬಾರಿ ಶಾಲೆಗಳ ಕ್ರೀಡಾಪಟ್ಟಿಯಲ್ಲಿ ಕಾಣುವುದು ಅಪರೂಪ.

ಹೊಸ ನೆಲ ಕೊಳ್ಳುವಷ್ಟು ದುಡ್ಡು ಯಾವ ಪಾಲಿಕೆಯ ಬಳಿಯೂ ಇಲ್ಲ, ಆದ್ದರಿಂದ ಪ್ರಶ್ನೆ ಇರುವ ನೆಲದ್ದು. ಎರಡನೇ ಮಹಾಯುದ್ಧದ ಬಳಿಕ ಆ್ಯಮ್‌ಸ್ಟರ್‌ಡ್ಯಾಮ್ ನಗರ ಆಲ್ಡೊ ವಾನ್ ಐಕ್ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ ಮೂವತ್ತು ವರ್ಷಗಳಲ್ಲಿ 700ಕ್ಕೂ ಹೆಚ್ಚು ಪುಟ್ಟ ಆಟದ ಜಾಗಗಳನ್ನು ಮಾಡಿಸಿತು. ಬಹುಪಾಲು ಮನೆ ಬಿದ್ದುಹೋದ ನಿವೇಶನ, ರಸ್ತೆ ಕೂಡುವ ಮೂಲೆ, ಕಸ ಹಾಕುತ್ತಿದ್ದ ತಿಪ್ಪೆ. ನವಿ ಮುಂಬೈನ ಸಾನ್‌ಪಾಡಾದಲ್ಲಿ ಮೇಲ್ಸೇತುವೆಯ ಕೆಳಗೆ ಬ್ಯಾಸ್ಕೆಟ್‌ಬಾಲ್, ಕ್ರಿಕೆಟ್ ಅಂಕಣಗಳಿವೆ. ಬೆಂಗಳೂರಿನ ಮೇಲ್ಸೇತುವೆಗಳ ಕೆಳಗೆ ಜಪ್ತಿಯಾದ ಬೈಕುಗಳು, ಕಸದ ಆಟೊಗಳು ನಿಂತಿವೆ. ಭಾನುವಾರ ವಾಹನಗಳಿಗೆ ಮುಚ್ಚುವ ಕಬ್ಬನ್ ಪಾರ್ಕಿನ ರಸ್ತೆಗಳಲ್ಲಿ ಸೈಕಲ್ಲು, ಸ್ಕೇಟು ತುಂಬಿರುವುದನ್ನು ನೋಡಿದವರಿಗೆ ಈ ಊರಿನ ಮಕ್ಕಳು ಆಟ ಮರೆತಿಲ್ಲ ಎಂಬುದು ಗೊತ್ತು.

ಎಲ್ಲಕ್ಕಿಂತ ಹತ್ತಿರದ ದಾರಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮೈದಾನ. ಸಂಜೆ ನಾಲ್ಕೂವರೆಗೆ ಅವುಗಳಿಗೆ ಬೀಗ ಬೀಳುತ್ತದೆ, ಶನಿವಾರ ಮಧ್ಯಾಹ್ನದಿಂದ ಸೋಮವಾರದವರೆಗೆ ಬಯಲು ಖಾಲಿ. ಮುಖ್ಯೋಪಾಧ್ಯಾಯರು ಬೀಗ ಹಾಕುವುದು ಸಿಡುಕಿನಿಂದಲ್ಲ. ತೆರೆದಿಟ್ಟರೆ ಬೆಳಿಗ್ಗೆ ಬಾಟಲಿ ಆರಿಸಬೇಕು, ನಲ್ಲಿ ಕಿತ್ತುಹೋದರೆ ದುರಸ್ತಿಗೆ ಅನುದಾನವಿಲ್ಲ, ಮಗು ಬಿದ್ದು ಕೈ ಮುರಿದುಕೊಂಡರೆ ಹೊಣೆ ತಮ್ಮ ತಲೆಗೆ. ಈ ಮೂರನ್ನೂ ಶಾಲೆಯ ಹೆಗಲಿನಿಂದ ಇಳಿಸಿ ಪಾಲಿಕೆ ಹೊರಬೇಕು: ನಾಲ್ಕೂವರೆಯಿಂದ ಎಂಟರವರೆಗೆ ಒಬ್ಬ ಕಾವಲುಗಾರ, ಎರಡು ದೀಪದ ಕಂಬ, ಸಂಜೆಯೂ ತೆರೆದಿರುವ ಶೌಚಾಲಯ, ಮತ್ತು ಅಪಘಾತದ ಹೊಣೆ ಯಾರದೆಂದು ಬರೆದ ಒಂದು ಆದೇಶ. 2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಒಂದರ ಬದಲು ಐದು ನಗರಪಾಲಿಕೆಗಳಿವೆ. ಒಂದೊಂದೂ ತನ್ನ ವ್ಯಾಪ್ತಿಯ ಹತ್ತು ಶಾಲೆಗಳಿಂದ ಶುರುಮಾಡಿದರೂ ಐವತ್ತು ಮೈದಾನಗಳ ಗೇಟು ತೆರೆಯುತ್ತದೆ, ಮತ್ತು ದೀಪ ಇರುವುದರಿಂದ ನವೆಂಬರಿನಲ್ಲೂ ಎಂಟರವರೆಗೆ ಆಡಬಹುದು.